ನಾಟ್ ಒಂದು ಅಂದರೆ ಮೈನಸ್ ಎರಡು

ನಮ್ಮ ಪಿಯು ಕಾಲೇಜುಗಳಲ್ಲಿ ಲಾಜಿಕ್ ಗೇಟಿನ ಪಾಠಕ್ಕೆ ಎರಡೇ ದಾರಿ: ಟ್ರೂತ್ ಟೇಬಲ್ ಉರು ಹೊಡೆಸುವುದು, ಇಲ್ಲವೇ ಬ್ರೆಡ್‌ಬೋರ್ಡಿಗೆ ಐಸಿ ಚುಚ್ಚಿಸುವುದು. ಮಕ್ಕಳ ಕೈಯಲ್ಲೇ ಪ್ರೋಗ್ರಾಂ ಬರೆಸಿ ಗೇಟು ಕಲಿಸುವ ಮೂರನೆಯ ದಾರಿಯೂ ಇದೆ. ಕಂಪ್ಯೂಟರ್ ಮೇಷ್ಟ್ರಾಗಿ ನಿವೃತ್ತನಾದ ನಾನು ಆ ಮೂರನೆಯ ದಾರಿಯವನು.

ಈ ವಿದ್ಯೆಯ ಮೂಲಪುರುಷ ಜಾರ್ಜ್ ಬೂಲ್ ಕೂಡ ಶಾಲಾ ಮೇಷ್ಟ್ರೇ. ಕಾಲೇಜಿನ ಪದವಿಯಿಲ್ಲದ ಆತ ಹತ್ತೊಂಬತ್ತನೆಯ ವಯಸ್ಸಿಗೇ ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ ಸ್ವಂತ ಶಾಲೆ ತೆರೆದ. ತರ್ಕವನ್ನು ಬೀಜಗಣಿತವಾಗಿಸಿದ ಅವನ ದೊಡ್ಡ ಗ್ರಂಥ ಬಂದದ್ದು 1854ರಲ್ಲಿ. ಅದೇ ಗಣಿತ ರಿಲೇ, ಸ್ವಿಚ್ಚುಗಳಿಗೂ ಸಲ್ಲುತ್ತದೆಂದು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಕ್ಲಾಡ್ ಶಾನನ್ 1937ರ ತನ್ನ ಪ್ರಬಂಧದಲ್ಲಿ ತೋರಿಸಿಕೊಟ್ಟ. ಅದು ಶಾಲೆಯ ಮಕ್ಕಳ ಕೈಗೆ ಸಿಕ್ಕಲು ಅಗ್ಗದ ಕಂಪ್ಯೂಟರೇ ಬರಬೇಕಾಯಿತು.

ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಕೊನೆಗೆ ಬಿಬಿಸಿ ಮೈಕ್ರೋ ಹೊರತಂದಿತು. ಅದರ ಬೇಸಿಕ್ ಭಾಷೆ ಸೋಫಿ ವಿಲ್ಸನ್ ಅವರ ಕೆಲಸ. 1984ರಲ್ಲಿ ಭಾರತ ಸರ್ಕಾರ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು 'ಕ್ಲಾಸ್' ಯೋಜನೆ ಶುರುಮಾಡಿದಾಗ ಆರಿಸಿಕೊಂಡದ್ದೂ ಇದೇ ಯಂತ್ರವನ್ನು. ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳಿಗೆ ಬಂತು. ಮೆಮೊರಿ ಬರೀ 32 ಕೆಬಿ.

ಶಿಕ್ಷಕರ ತರಬೇತಿಯಲ್ಲಿ ನಾನು ಆ ಯಂತ್ರದ ಮುಂದೆ ಕೂತೆ. ಆಂಡ್, ಆರ್, ನಾಟ್ ಎಲ್ಲವೂ ಬೇಸಿಕ್‌ನಲ್ಲೇ ಇದ್ದವು. ಎಕ್ಸಾರ್ ಗೇಟನ್ನು ಅದು 'ಇಓಆರ್' ಎನ್ನುತ್ತಿತ್ತು. ಪಕ್ಕದವರೊಬ್ಬರು 'ಪ್ರಿಂಟ್ ನಾಟ್ 1' ಎಂದು ಟೈಪ್ ಮಾಡಿದರು. ಪುಸ್ತಕದ ಪ್ರಕಾರ ಸೊನ್ನೆ ಬರಬೇಕು. ಪರದೆ ಮೇಲೆ ಬಂದದ್ದು -2. "ಯಂತ್ರ ಕೆಟ್ಟಿದೆ ಸಾರ್" ಎಂದರು.

ಯಂತ್ರ ಸರಿಯಾಗಿಯೇ ಇತ್ತು. ಅದು ಒಂದನ್ನು ಒಂದೇ ಬಿಟ್ ಎಂದು ನೋಡುವುದಿಲ್ಲ, 32 ಬಿಟ್ಟುಗಳ ಸಾಲಾಗಿ ನೋಡುತ್ತದೆ. ನಾಟ್ ಎಂದರೆ ಮೂವತ್ತೆರಡನ್ನೂ ತಿರುಗಿಸುತ್ತದೆ. ಟೂಸ್ ಕಾಂಪ್ಲಿಮೆಂಟ್ ಲೆಕ್ಕದಲ್ಲಿ ಅದೇ -2. ಕೊನೆಯ ಬಿಟ್ ಮಾತ್ರ ಬೇಕಿದ್ದರೆ ಫಲಿತಾಂಶವನ್ನು 1ರೊಡನೆ ಆಂಡ್ ಮಾಡಬೇಕು; ಆಗ ಸೊನ್ನೆ ಬರುತ್ತದೆ. ಋಣಸಂಖ್ಯೆ, ಬಿಟ್, ಮಾಸ್ಕಿಂಗ್ ಮೂರೂ ಪಾಠ ಆ ಒಂದು ಸಾಲಿನಿಂದಲೇ ಹೊರಟವು. ಟೇಬಲ್ ಉರು ಹೊಡೆದವನಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಆಮೇಲೆ ನಮ್ಮ ಪಿಯು ಪಠ್ಯಕ್ಕೆ ಸಿ++ ಬಂತು, ಬೂಲಿಯನ್ ಬೀಜಗಣಿತವೂ ಅದೇ ಪುಸ್ತಕದಲ್ಲಿತ್ತು. ಆದರೆ ಎರಡಕ್ಕೂ ನಂಟು ಕಟ್ಟಿದವರು ಕಡಿಮೆ. ನಾನು ಮಾಡಿಸುತ್ತಿದ್ದದ್ದು ಇಷ್ಟೇ: ಕೆ-ಮ್ಯಾಪ್ ಹಾಕಿ ಸಂಕ್ಷೇಪಿಸಿದ ಉತ್ತರವನ್ನೂ ಮೂಲ ಸಮೀಕರಣವನ್ನೂ ಒಂದೇ ಪ್ರೋಗ್ರಾಮಿಗೆ ಕೊಡಬೇಕು; ನಾಲ್ಕು ಚರಗಳಿಗೆ ನಾಲ್ಕು ಲೂಪ್, ಒಟ್ಟು 16 ಸಾಲು. ಎರಡೂ ಹೊಂದದ ಸಾಲು ಬಂದರೆ ಮಾತ್ರ ಪ್ರಿಂಟ್ ಆಗಬೇಕು. ಪರದೆ ಖಾಲಿ ಉಳಿದರೆ ಉತ್ತರ ಸರಿ. ಪರೀಕ್ಷೆಗೆ ಮೊದಲೇ ತಾನು ತಪ್ಪಿದ್ದು ಎಲ್ಲಿ ಎಂದು ಹುಡುಗಿಗೆ ಗೊತ್ತಾಗುತ್ತಿತ್ತು, ಮೇಷ್ಟ್ರ ಕೆಂಪು ಇಂಕಿಗೆ ಕಾಯಬೇಕಾಗಿರಲಿಲ್ಲ.

ಹಾಗೆಂದು ಬ್ರೆಡ್‌ಬೋರ್ಡ್ ಬೇಡ ಎನ್ನುವವನಲ್ಲ ನಾನು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ 7408, 7486 ಐಸಿಗಳಲ್ಲಿ ಹಾಫ್ ಆಡರ್ ಕಟ್ಟಿ, ಎಲ್‌ಇಡಿ ಹತ್ತಿದ್ದನ್ನು ನೋಡುವ ಖುಷಿಯೇ ಬೇರೆ. ಹದಿನಾಲ್ಕನೆಯ ಪಿನ್ನಿಗೆ 5 ವೋಲ್ಟ್, ಏಳನೆಯದಕ್ಕೆ ಗ್ರೌಂಡ್. ಅದಲುಬದಲಾದರೆ ಐಸಿ ಬೆರಳು ಸುಡುತ್ತದೆ. ಅದನ್ನು ಯಾವ ಪ್ರೋಗ್ರಾಮೂ ಕಲಿಸದು. ಆದರೆ ಹಾಫ್ ಆಡರ್‌ನಿಂದ ನಾಲ್ಕು ಬಿಟ್ಟಿನ ಆಡರ್‌ಗೆ ಹೋಗುವಾಗ ತಂತಿಗಳ ಗೋಜಲಿನಲ್ಲಿ ತರ್ಕವೇ ಕಳೆದುಹೋಗುತ್ತದೆ. ಪ್ರೋಗ್ರಾಮಿನಲ್ಲಾದರೆ ಒಂದು ಫಂಕ್ಷನ್ ಬರೆದು ನಾಲ್ಕು ಸಲ ಕರೆದರಾಯಿತು.

ಈಗ ಪೈಥಾನ್ ಕಾಲ. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕದಲ್ಲಿ ಫೈಲು, ಸ್ಟ್ಯಾಕ್, ಡೇಟಾಬೇಸ್ ಎಲ್ಲಕ್ಕೂ ಅಧ್ಯಾಯಗಳಿವೆ. ಬೂಲಿಯನ್ ಬೀಜಗಣಿತಕ್ಕೆ ಇಲ್ಲ. ಆದರೆ 'ನಾಟ್ 1' ಎಂದು ಕೇಳಿದರೆ ಪೈಥಾನ್ 'ಫಾಲ್ಸ್' ಎನ್ನುತ್ತದೆ, ಟಿಲ್ಡ್ ಹಾಕಿ ಕೇಳಿದರೆ -2 ಎನ್ನುತ್ತದೆ. ಇದು ಯಾಕೆ ಎಂದು ವಿವರಿಸಲು ಒಂದೇ ಒಂದು ಪೀರಿಯಡ್ ಸಾಕು. ಮೇಷ್ಟ್ರುಗಳೇ, ಪಠ್ಯದಲ್ಲಿಲ್ಲ ಎಂದು ಬಿಡಬೇಡಿ. ಟೇಬಲ್ ಬರೆಸುವ ಮುಂಚೆ ಆ ಎರಡು ಸಾಲು ಟೈಪ್ ಮಾಡಿಸಿ.