ಸಮುದ್ರದ ‘ವಿಷದ ಕಲ್ಲು’ ಮುಟ್ಟಿದರೆ ಐದೇ ನಿಮಿಷದಲ್ಲಿ ಸಾವು: ಈ ಫಾರ್ವರ್ಡ್ ಎಷ್ಟು ನಿಜ?

ಸಮುದ್ರದ ತಳದಲ್ಲಿ ಬಿದ್ದಿದ್ದ ಕಲ್ಲೊಂದು ಇದ್ದಕ್ಕಿದ್ದಂತೆ ಬಾಯಿ ತೆರೆದು ಮೀನು ನುಂಗುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಳಗೆ ‘ಮುಟ್ಟಿದರೆ ಐದೇ ನಿಮಿಷದಲ್ಲಿ ಸಾವು, ಎಲ್ಲರಿಗೂ ಕಳುಹಿಸಿ’ ಎಂಬ ಸಾಲು. ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯಿಂದ ರಜೆಗೆ ಮುರ್ಡೇಶ್ವರ, ಗೋಕರ್ಣಕ್ಕೆ ಹೊರಟವರಿಗೆ ಇದನ್ನು ಓದಿ ಭಯವಾಗುವುದು ಸಹಜ. ನಿಜ ಯಾವುದು, ಸುಳ್ಳು ಯಾವುದು ಎಂದು ಇಲ್ಲಿ ನೋಡೋಣ.

ಅದು ಕಲ್ಲಲ್ಲ, ಮೀನು

ವಿಡಿಯೊದಲ್ಲಿರುವುದು ಸ್ಟೋನ್‌ಫಿಶ್, ಅಂದರೆ ಕಲ್ಲುಮೀನು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಬೆಚ್ಚಗಿನ ನೀರಿನಲ್ಲಿ, ಹವಳದ ದಿಬ್ಬಗಳ ಬಳಿ ಇದರ ವಾಸ. ಮೈ ಒರಟು, ಅದರ ಮೇಲೆ ಪಾಚಿಯೂ ಬೆಳೆದಿರುತ್ತದೆ. ಬೆನ್ನಿನ ಮೇಲೆ 13 ಮುಳ್ಳುಗಳಿದ್ದು, ಅವುಗಳ ಬುಡದಲ್ಲಿ ವಿಷದ ಚೀಲಗಳಿವೆ.

ಈ ಮೀನು ಮನುಷ್ಯರನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಮೇಲೆ ಕಾಲಿಟ್ಟು ಒತ್ತಿದಾಗ ಮಾತ್ರ ಮುಳ್ಳು ಚುಚ್ಚಿ ವಿಷ ಒಳಗೆ ಹೋಗುತ್ತದೆ. ನೋವು ಸಹಿಸಲಾಗದಷ್ಟು ಇರುತ್ತದೆ, ತಕ್ಷಣ ಚಿಕಿತ್ಸೆ ಬೇಕು. ಆದರೆ ಸಾವು ತೀರಾ ಅಪರೂಪ. ಹಾಗಾಗಿ ‘ಐದೇ ನಿಮಿಷ’ ಎಂಬ ಮಾತು ಸುಳ್ಳು.

ಇವು ಅಡಗುವುದು ಏಕೆ?

ಹೊಲದಲ್ಲಿ ಕಲ್ಲೆತ್ತುವ ಮೊದಲು ಕೆಳಗೆ ಚೇಳು ಇದೆಯೇ ಎಂದು ನೋಡುವುದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಮುದ್ರದ ತಳವೂ ಹಾಗೆಯೇ. ಅಲ್ಲಿ ಅಡಗುವುದಕ್ಕೆ ಎರಡೇ ಕಾರಣ: ತಿನ್ನಲು ಬೇಕು, ತಿನ್ನಿಸಿಕೊಳ್ಳಬಾರದು.

ಕರಾವಳಿಯಲ್ಲಿ ನಂಗು ಎಂದು ಕರೆಯುವ ಚಪ್ಪಟೆ ಮೀನು ಮರಳಿನ ಮೇಲೆ ಒಂದು ಮಗ್ಗುಲಾಗಿ ಮಲಗುತ್ತದೆ. ಮರಿಯಾಗಿದ್ದಾಗ ಅದರ ಕಣ್ಣು ಬೇರೆ ಮೀನುಗಳಂತೆ ಎರಡು ಬದಿಗೆ ಇರುತ್ತವೆ. ಬೆಳೆಯುತ್ತಾ ಒಂದು ಕಣ್ಣು ಇನ್ನೊಂದು ಬದಿಗೆ ಸರಿದು, ಎರಡೂ ಮೇಲ್ಮುಖವಾಗುತ್ತವೆ. ಆಕ್ಟೋಪಸ್ ತನ್ನ ಚರ್ಮದಲ್ಲಿರುವ ಬಣ್ಣದ ಚೀಲಗಳನ್ನು ಹಿಗ್ಗಿಸಿ ಕುಗ್ಗಿಸಿ, ಕ್ಷಣದಲ್ಲಿ ಸುತ್ತಲಿನ ಬಂಡೆಯ ಬಣ್ಣಕ್ಕೆ ತಿರುಗುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿದ್ದು, ಇಂಥ ಜೀವಿಗಳನ್ನು ನೋಡಲೆಂದೇ ಜನ ಅಲ್ಲಿ ಸ್ಕೂಬಾ ಡೈವಿಂಗ್ ಮಾಡುತ್ತಾರೆ.

ನಿಜವಾಗಿ ಎಚ್ಚರ ಬೇಕಾದದ್ದು ತೊರಕೆಗೆ

ದಡದ ಬಳಿ ಕಾಲಿಗೆ ಸಿಗುವ ಸಾಧ್ಯತೆ ಹೆಚ್ಚಿರುವುದು ಕಲ್ಲುಮೀನಲ್ಲ, ತೊರಕೆ. ಮೊರದಂತೆ ಚಪ್ಪಟೆಯಾದ ಈ ಮೀನು ಮರಳು ಹೊದ್ದು ಮಲಗುತ್ತದೆ, ಕಣ್ಣಿನ ಹಿಂದಿನ ರಂಧ್ರಗಳಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ. ತುಳಿದರೆ ಬಾಲ ಬೀಸಿ, ಗರಗಸದಂಥ ವಿಷದ ಮುಳ್ಳಿನಿಂದ ಚುಚ್ಚುತ್ತದೆ. 2013ರ ಗಣೇಶ ವಿಸರ್ಜನೆಯ ವೇಳೆ ಮುಂಬೈನ ಗಿರ್ಗಾಂವ್ ಚೌಪಾಟಿಯಲ್ಲಿ ನೀರಿಗಿಳಿದ ಹಲವರಿಗೆ ತೊರಕೆ ಚುಚ್ಚಿತ್ತು. ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ 2006ರ ಸೆಪ್ಟೆಂಬರ್ 4ರಂದು ತೀರಿಕೊಂಡದ್ದು ತೊರಕೆಯ ಮುಳ್ಳು ಎದೆಗೆ ನಾಟಿದ್ದರಿಂದ. ಕಾಲಿಗೆ ಚುಚ್ಚಿದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ.

ಚುಚ್ಚಿದರೆ ಏನು ಮಾಡಬೇಕು?

• ಮೊದಲು ನೀರಿನಿಂದ ಹೊರಗೆ ಬನ್ನಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.
• ಗಾಯವಾದ ಕಾಲನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ 30ರಿಂದ 90 ನಿಮಿಷ ಇಡಿ. ನೀರು 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನೋವಿರುವ ಕಾಲಿಗೆ ಬಿಸಿ ಸರಿಯಾಗಿ ಗೊತ್ತಾಗದು, ಆದ್ದರಿಂದ ಜೊತೆಗಿರುವವರು ಮೊದಲು ಕೈಯಿಟ್ಟು ನೋಡಲಿ. ಈ ವಿಷಗಳಲ್ಲಿರುವ ಪ್ರೊಟೀನ್ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ.
• ಎದೆ, ಹೊಟ್ಟೆ, ಕುತ್ತಿಗೆಗೆ ನಾಟಿದ ಮುಳ್ಳನ್ನು ಕೀಳಬೇಡಿ. 108ಕ್ಕೆ ಕರೆ ಮಾಡಿ.
• ನೋವು ಕಡಿಮೆಯಾದರೂ ಆಸ್ಪತ್ರೆಗೆ ಹೋಗಿ. ಮುಳ್ಳಿನ ಚೂರು ಒಳಗೆ ಉಳಿದರೆ ಕೀವಾಗುತ್ತದೆ. ಟಿಟಿ ಇಂಜೆಕ್ಷನ್ ಕೂಡ ಬೇಕಾಗಬಹುದು.

ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ವಿಷ ಹೀರುವುದು, ಮೂತ್ರ ಹಾಕುವುದು: ಇವು ಯಾವುವೂ ಕೆಲಸ ಮಾಡುವುದಿಲ್ಲ. ಗಾಯ ಕೆಡುತ್ತದೆ, ಸಮಯವೂ ಹಾಳು.

ಚಂದದ ಚಿಪ್ಪಿನ ಒಳಗೂ ಜೀವವಿರಬಹುದು

ಐಸ್‌ಕ್ರೀಮ್ ಕೋನ್ ಆಕಾರದ, ಚಿತ್ತಾರದ ಚಿಪ್ಪನ್ನು ಮಕ್ಕಳು ಎತ್ತಿಕೊಳ್ಳುವುದುಂಟು. ಒಳಗೆ ಕೋನ್ ಬಸವನಹುಳು ಜೀವಂತವಿದ್ದರೆ ಸೂಜಿಯಂಥ ಹಲ್ಲಿನಿಂದ ಚುಚ್ಚುತ್ತದೆ. ಕೆಲವು ಜಾತಿಗಳ ವಿಷಕ್ಕೆ ಮನುಷ್ಯರು ಸತ್ತದ್ದೂ ಇದೆ. ಇಲ್ಲಿ ಬಿಸಿ ನೀರನ್ನು ನಂಬಿ ಕೂರಬೇಡಿ, ಕೈ ಅಲ್ಲಾಡಿಸದೆ ಕೂಡಲೇ ಆಸ್ಪತ್ರೆಗೆ ಹೋಗಿ. ಇದೇ ಗುಂಪಿನ ಹುಳುವಿನ ವಿಷದಲ್ಲಿ ಸಿಕ್ಕ ಅಂಶದಿಂದ ತಯಾರಾದ ಜಿಕೊನೊಟೈಡ್ ಎಂಬ ನೋವು ನಿವಾರಕಕ್ಕೆ ಅಮೆರಿಕ 2004ರಲ್ಲಿ ಅನುಮತಿ ನೀಡಿತು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ನೀರಿನಲ್ಲಿ ಕಾಲೆತ್ತಿ ಇಡದೆ, ಮರಳಿನ ಮೇಲೆ ಎಳೆಯುತ್ತಾ ನಡೆಯಿರಿ. ಕದಲಿಕೆ ತಿಳಿದರೆ ತೊರಕೆ ತಾನೇ ದೂರ ಸರಿಯುತ್ತದೆ. ಬಂಡೆಗಳ ನಡುವೆ ದಪ್ಪ ಅಡಿಯ ಶೂ ಹಾಕಿಕೊಳ್ಳಿ. ಕಾಣದ ಬಿಲಕ್ಕೆ ಕೈ ಹಾಕಬೇಡಿ, ಚಿಪ್ಪು ಎತ್ತುವ ಮುನ್ನ ನೋಡಿ. ‘ಐದು ನಿಮಿಷದಲ್ಲಿ ಸಾವು’ ಎಂಬ ಸಂದೇಶ ಭಯ ಹುಟ್ಟಿಸುತ್ತದೆ ಅಷ್ಟೆ. ಸಮುದ್ರಕ್ಕೆ ಹೊರಟ ನಿಮ್ಮವರಿಗೆ ಬಿಸಿ ನೀರಿನ ಮಾತು ತಿಳಿದಿದ್ದರೆ ಉಪಯೋಗಕ್ಕೆ ಬರುತ್ತದೆ.