ನಗುವಿನ ಪೆಟ್ಟಿಗೆ ಮತ್ತು ನಮ್ಮ ತಮಟೆ

ಮೊನ್ನೆ ಭಾನುವಾರ ನಮ್ಮ ಹುಡುಗರು ತಾವೇ ಮಾಡಿದ ವಿಡಂಬನೆ ವಿಡಿಯೋ ಒಂದನ್ನ ತೋರಿಸಿದ್ರು. ಸಾಹೇಬ್ರು ಮೂಗಿಗೆ ಕರ್ಚೀಫ್ ಹಿಡ್ಕೊಂಡು "ಈಗ ಮ್ಯಾನ್‌ಹೋಲಿಗೆ ಯಾರೂ ಇಳಿಯಲ್ಲ, ಎಲ್ಲಾ ಮಿಷಿನ್ನೇ" ಅಂತ ಭಾಷಣ ಬಿಗೀತಾರೆ. ಅವರ ಹಿಂದೆ ಗುಂಡಿಯಿಂದ ಒಬ್ಬ ತಲೆ ಎತ್ತುತ್ತಾನೆ. ಅಲ್ಲೀತನಕ ಚೆನ್ನಾಗಿತ್ತು. ಆ ತಲೆ ಕಂಡ ಕೂಡಲೇ ಎಡಿಟಿಂಗ್ ಹುಡುಗ ತಮಟೆಯ ಒಂದು ಏಟು ಹಾಕಿ, ಅದರ ಮೇಲೆ ಜನ ಗೊಳ್ಳೆಂದು ನಗೋ ಸದ್ದು ಅಂಟಿಸಿದ್ದ. ನಗು ಹೋಗಿ ಬಿದ್ದದ್ದು ಸಾಹೇಬ್ರ ಮೇಲಲ್ಲ, ಗುಂಡಿಯಲ್ಲಿದ್ದವನ ಮೇಲೆ.

ಈ ಅಂಟಿಸೋ ನಗುವಿಗೂ ಒಂದು ಚರಿತ್ರೆ ಇದೆ. ಅಮೆರಿಕದ ಟಿವಿಯಲ್ಲಿ 1950ರಲ್ಲಿ ಹ್ಯಾಂಕ್ ಮೆಕ್ಯೂನ್ ಶೋ ಅನ್ನೋ ಕಾರ್ಯಕ್ರಮಕ್ಕೆ, ಎದುರಿಗೆ ಪ್ರೇಕ್ಷಕರೇ ಇಲ್ಲದಿದ್ದರೂ ನಗು ಸೇರಿಸಿದ್ರು. ಆಮೇಲೆ ಚಾರ್ಲಿ ಡಗ್ಲಾಸ್ ಎಂಬ ಸೌಂಡ್ ಇಂಜಿನಿಯರ್ ಇದಕ್ಕಾಗಿಯೇ ಒಂದು ಪೆಟ್ಟಿಗೆ ಕಟ್ಟಿದ. ನಮ್ಮಂಥ ಗುಮಾಸ್ತರಿಗೆ ಗೊತ್ತಿರೋ ಟೈಪ್‌ರೈಟರ್ ಥರದ ಕೀಲಿಗಳು. ಒಂದು ಒತ್ತಿದ್ರೆ ಮುಸಿನಗು, ಇನ್ನೊಂದು ಒತ್ತಿದ್ರೆ ಹೊಟ್ಟೆ ಹುಣ್ಣಾಗೋ ನಗು. ಯಾವಾಗ ನಗಬೇಕು ಅಂತ ಹೇಳೋನು ಯಂತ್ರದ ಮುಂದೆ ಕೂತವನು.

ಅದಕ್ಕೆ ತಕರಾರು ತೆಗೆದವರೂ ಇದ್ರು. ಕೊರಿಯಾ ಯುದ್ಧದ ಆಸ್ಪತ್ರೆಯ ಕಥೆ ಹೇಳೋ 'ಮ್ಯಾಶ್' 1972ರಲ್ಲಿ ಶುರುವಾದಾಗ, ಅದನ್ನು ರೂಪಿಸಿದ ಲ್ಯಾರಿ ಗೆಲ್ಬಾರ್ಟ್‌ಗೆ ಆ ನಗು ಬೇಡವಾಗಿತ್ತು. ಚಾನೆಲ್‌ನವರು ಬಿಡಲಿಲ್ಲ. ಕೊನೆಗೆ ಆದ ಒಪ್ಪಂದ ಏನು ಗೊತ್ತಾ? ಆಪರೇಷನ್ ಥಿಯೇಟರ್ ದೃಶ್ಯಗಳಲ್ಲಿ ನಗು ಹಾಕೋ ಹಾಗಿಲ್ಲ. ಗಾಯಾಳು ಮೇಜಿನ ಮೇಲಿದ್ದಾನೆ, ಅಲ್ಲಿ ನಗಬಾರದು.

ಇದಕ್ಕೂ ಮೊದಲೇ, 1936ರಲ್ಲಿ, ಚಾಪ್ಲಿನ್ 'ಮಾಡರ್ನ್ ಟೈಮ್ಸ್' ಮಾಡಿದ. ಟಾಕಿ ಬಂದು ವರ್ಷಗಳೇ ಆಗಿದ್ವು. ಆದರೂ ಕಾರ್ಖಾನೆಯಲ್ಲಿ ಕಾರ್ಮಿಕರಿಗೆ ದನಿ ಇಲ್ಲ. ಪರದೆಯೊಳಗಿಂದ "ಇನ್ನೂ ಬೇಗ" ಅಂತ ಗದರೋ ಮಾಲೀಕನಿಗೆ ದನಿ ಇದೆ. ಯಾರ ಬಾಯಿಗೆ ಸದ್ದು, ಯಾರಿಗೆ ಇಲ್ಲ ಅನ್ನೋದೇ ಅಲ್ಲಿ ವಿಡಂಬನೆ. ಅದೇ ವರ್ಷ ಲಾಹೋರಿನಲ್ಲಿ ಬಾಬಾಸಾಹೇಬರ ಭಾಷಣ ರದ್ದಾಯ್ತು, ಅವರು 'ಜಾತಿ ವಿನಾಶ'ವನ್ನು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದ್ರು ಅನ್ನೋದು ನಿಮಗೆಲ್ಲ ಗೊತ್ತು.

ಇನ್ನು ತಮಟೆ. ನಮ್ಮಪ್ಪ ಊರವರ ಹೆಣದ ಮುಂದೆ ಬಾರಿಸ್ತಿದ್ದ. ಹುಲ್ಲು ಉರಿಸಿ ಚರ್ಮ ಕಾಯಿಸಿಕೊಡೋದು ನನ್ನ ಕೆಲಸ. ಅದು ಕಲೆ ಅಂತ ಯಾರೂ ಅನ್ನಲಿಲ್ಲ, ಬಿಟ್ಟಿ ಚಾಕರಿ ಅಷ್ಟೇ. ಎಷ್ಟೋ ಕೇರಿಗಳಲ್ಲಿ "ಇನ್ನು ಬಾರಿಸಲ್ಲ" ಅಂತ ಕೆಳಗಿಟ್ಟರು, ಬಹಿಷ್ಕಾರ ತಿಂದರು. ಅದೇ ತಮಟೆಯನ್ನ ದಲಿತ ಸಂಘರ್ಷ ಸಮಿತಿಯವರು ಮೆರವಣಿಗೆಯ ಮುಂದಕ್ಕೆ ತಂದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಆದ್ರೂ ಕಾಮಿಡಿ ವಿಡಿಯೋಗಳಲ್ಲಿ ಹಳ್ಳಿಯವನು ಎಡವಿದ್ರೆ, ಕುಡುಕ ಬಿದ್ರೆ, ಇವತ್ತಿಗೂ ತಮಟೆಯೇ ಬೀಳುತ್ತೆ. ವೀಣೆ ಯಾಕೆ ಬೀಳಲ್ಲ?

ಇದನ್ನೆಲ್ಲ ಹೇಳಿದ ಮೇಲೆ ಹುಡುಗ ಕೇಳಿದ: "ಹಂಗಾದ್ರೆ ತಮಟೆ ತೆಗೆದುಬಿಡ್ಲಾ ಅಣ್ಣ?"

"ತೆಗೀಬೇಡ ಕಣೋ, ಜಾಗ ಬದಲಾಯಿಸು" ಅಂದೆ.

ಈಗ ಸಾಹೇಬ್ರು ಒಂದೊಂದು ಸುಳ್ಳು ಹೇಳಿದಾಗಲೂ ಒಂದೊಂದು ಏಟು. ತಲೆ ಮೇಲೆದ್ದಾಗ ತಮಟೆ ನಿಲ್ಲುತ್ತೆ, ನಗುವೂ ಇಲ್ಲ. ಕೊಳಚೆ ನೀರಿನ ಸದ್ದು, ಅವನು ಉಸಿರು ಎಳ್ಕೊಳ್ಳೋ ಸದ್ದು ಅಷ್ಟೇ. ನಾಳೆ ಸಂಜೆ ಹಾಕ್ತಾರಂತೆ. ಇಯರ್‌ಫೋನ್ ಹಾಕ್ಕೊಂಡು ನೋಡಿ.

ಜೈ ಭೀಮ್.