ಕರಿಕೆ, ಗಾಲ್ಫ್ ಮತ್ತು ಸಜ್ಜೆ

ಗಣೇಶ ಚೌತಿಯ ಹಿಂದಿನ ಸಂಜೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಹೂವು, ಹಣ್ಣು, ಬಾಳೆಕಂಬಗಳ ನಡುವೆ ಕರಿಕೆಯ ಸಣ್ಣ ಸಣ್ಣ ಕಟ್ಟುಗಳನ್ನು ಮುಂದಿಟ್ಟುಕೊಂಡು ಕುಳಿತವರನ್ನು ನೀವು ನೋಡಿರಬಹುದು. ಹಳೆ ಮೈಸೂರಿನವರು ಗರಿಕೆ ಎಂದೂ ಪುರೋಹಿತರು ದೂರ್ವೆ ಎಂದೂ ಕರೆಯುವ ಹುಲ್ಲು ಇದೇ. ಸಸ್ಯವಿಜ್ಞಾನದಲ್ಲಿ ಇದರ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಇಂಗ್ಲಿಷಿನಲ್ಲಿ ಬರ್ಮುಡಾ ಹುಲ್ಲು ಎನ್ನುತ್ತಾರೆ, ಬರ್ಮುಡಾ ದ್ವೀಪ ಇದರ ತವರಲ್ಲದಿದ್ದರೂ! ಬಿಸಿ ಪ್ರದೇಶಗಳ ಗಾಲ್ಫ್ ಮೈದಾನಗಳ ಹಸಿರು ಬಹುಮಟ್ಟಿಗೆ ಈ ಹುಲ್ಲಿನ ಕುಲಕ್ಕೆ ಸೇರಿದ್ದು.

ಗಾಲ್ಫಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಗೆಳೆಯರೊಬ್ಬರು ನನ್ನನ್ನು ಗಾಲ್ಫ್ ಅಭ್ಯಾಸದ ಅಂಗಳಕ್ಕೆ ಕರೆದೊಯ್ದರು. ಅದನ್ನು ಡ್ರೈವಿಂಗ್ ರೇಂಜ್ ಎನ್ನುತ್ತಾರೆ. ಒಂದು ಬುಟ್ಟಿ ಚೆಂಡು ಕೊಡುತ್ತಾರೆ. ಒಂದೊಂದಾಗಿ ಹುಲ್ಲಿನ ಮೇಲಿಟ್ಟು ದೂರಕ್ಕೆ ಹೊಡೆಯಬೇಕು, ಅಷ್ಟೇ. ನನ್ನ ಹತ್ತು ಹೊಡೆತಗಳಲ್ಲಿ ಎರಡು ಚೆಂಡುಗಳು ಹಾರಿದವು, ಎಂಟು ಹುಲ್ಲಿನ ಹೆಂಟೆಗಳು ಹಾರಿದವು. ಹಿಂದೆ ನಿಂತಿದ್ದ ಮಾಲಿ ತಡೆಯಲಾರದೆ, "ಸರ್, ಅಲ್ಲೊಂದು ಇಲ್ಲೊಂದು ಹೊಡೀಬೇಡಿ. ಗುಂಡಿ ಹಿಂದುಗಡೆನೇ ಮುಂದಿನ ಚೆಂಡು ಇಡಿ, ಒಂದೇ ಸಾಲು ಬರ್ಲಿ" ಎಂದರು. ಆಮೇಲೆ ಬಕೆಟ್ಟಿನಲ್ಲಿ ಮರಳು ತಂದು ಗುಂಡಿಗಳಿಗೆ ಸುರಿದರು. ಬೀಜ ಹಾಕುವುದಿಲ್ಲವೇ ಎಂದು ಕೇಳಿದೆ. "ಈ ಹುಲ್ಲಿಗೆ ಬೀಜ ಎಲ್ಲಿದೆ ಸರ್?" ಎಂದರು. ಈ ಎರಡು ಮಾತುಗಳ ಅರ್ಥ ಪೂರ್ತಿ ತಿಳಿಯಲು ಭೌತವಿಜ್ಞಾನದ ಮೇಷ್ಟ್ರಿಗೆ ಬಹಳ ದಿನಗಳೇ ಬೇಕಾದವು.

ಮೊದಲು ಹೆಂಟೆ ಏಕೆ ಏಳುತ್ತದೆ ಎಂಬುದನ್ನು ನೋಡೋಣ. ನೆಲದ ಮೇಲಿರುವ ಚೆಂಡನ್ನು ಕಬ್ಬಿಣದ ತಲೆಯ ಕೋಲಿನಿಂದ ಹೊಡೆಯುವಾಗ, ಆ ತಲೆ ಇನ್ನೂ ಕೆಳಮುಖವಾಗಿ ಚಲಿಸುತ್ತಿರಬೇಕು. ಅದರ ಪಥದ ಅತಿ ತಗ್ಗಿನ ಬಿಂದು ಚೆಂಡಿಗಿಂತ ಕೆಲವು ಸೆಂಟಿಮೀಟರ್ ಮುಂದಿರುತ್ತದೆ. ಕೋಲು ಚೆಂಡನ್ನು ಮುಟ್ಟಿರುವ ಅವಧಿ ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ. ಕೋಲಿನ ತಲೆಯ ವೇಗ ಸೆಕೆಂಡಿಗೆ 35 ಮೀಟರ್ ಎಂದಿಟ್ಟುಕೊಳ್ಳಿ. ಆ ಅವಧಿಯಲ್ಲಿ ಅದು ಸಾಗುವ ದೂರ 1.75 ಸೆಂ.ಮೀ. ಅಂದರೆ ಒಳ್ಳೆಯ ಹೊಡೆತದಲ್ಲಿ ನೆಲ ಕಿತ್ತುಬರುವ ಹೊತ್ತಿಗೆ ಚೆಂಡು ಹೊರಟೇಹೋಗಿರುತ್ತದೆ. ಗುಂಡಿ ಬೀಳುವುದು ಚೆಂಡಿದ್ದ ಜಾಗದ ಮುಂದೆ. ನನ್ನಂಥವರ ಗುಂಡಿ ಹಿಂದೆ ಬೀಳುತ್ತದೆ. ಪ್ಲಾಸ್ಟಿಕ್ ಚಾಪೆಯ ಮೇಲೆ ಹೊಡೆದರೆ ಕೋಲು ಚಾಪೆಗೆ ತಗುಲಿ, ಜಾರಿ, ಹೇಗೋ ಚೆಂಡನ್ನು ತಲುಪುತ್ತದೆ, ತಪ್ಪು ಗೊತ್ತಾಗುವುದಿಲ್ಲ. ಪಳಗಿದ ಆಟಗಾರರು ಹುಲ್ಲಿನ ಮೇಲೆಯೇ ಅಭ್ಯಾಸ ಮಾಡಬಯಸುವುದು ಇದಕ್ಕಾಗಿ.

ಈ ಹೆಂಟೆಗೆ ಸ್ಕಾಟ್ಲೆಂಡಿನವರ ಹೆಸರು 'ಡಿವಟ್'. ಮೂಲದಲ್ಲಿ ಅದು ಮನೆಯ ಮಾಡಿಗೆ ಹೊದಿಸಲು ಕತ್ತರಿಸುತ್ತಿದ್ದ ಹುಲ್ಲುಸಹಿತ ಮಣ್ಣಿನ ಪದರದ ಹೆಸರು. 1744ರಲ್ಲಿ ಎಡಿನ್‌ಬರೊ ಸಮೀಪದ ಲೀತ್‌ನಲ್ಲಿ ಗಾಲ್ಫಿನ 13 ನಿಯಮಗಳನ್ನು ಬರೆದರು. ಅವುಗಳಲ್ಲಿ ಹುಲ್ಲಿನ ಆರೈಕೆಯ ಮಾತೇ ಇಲ್ಲ. ಮೊದಲನೆಯ ನಿಯಮವಂತೂ ಹಿಂದಿನ ಗುಳಿಯಿಂದ ಒಂದು ಕೋಲಿನಳತೆಯೊಳಗೇ ಚೆಂಡಿಟ್ಟು ಮುಂದಿನ ಹೊಡೆತ ಹೊಡೆಯಬೇಕೆನ್ನುತ್ತದೆ! ಆಗಿನ ಚೆಂಡು ತೊಗಲಿನೊಳಗೆ ಗರಿ ತುಂಬಿದ್ದು. ಕಬ್ಬಿಣ ತಗುಲಿದರೆ ಹರಿಯುತ್ತಿತ್ತು. ಆದ್ದರಿಂದ ಹೆಚ್ಚಾಗಿ ಮರದ ಕೋಲುಗಳನ್ನೇ ಬಳಸುತ್ತಿದ್ದರು. 1848ರ ಸುಮಾರಿಗೆ ಗಟಾಪರ್ಚ ಎಂಬ ಮರದ ಹಾಲಿನ ಗಟ್ಟಿ ಚೆಂಡು ಬಂತು. ಅಗ್ಗ, ಬಾಳಿಕೆಯೂ ಹೆಚ್ಚು. ಕಬ್ಬಿಣದ ಕೋಲುಗಳು ಹೆಚ್ಚಿದವು, ಆಟಗಾರರೂ ಹೆಚ್ಚಿದರು, ಗುಂಡಿಗಳೂ ಹೆಚ್ಚಿದವು. 19ನೆಯ ಶತಮಾನ ಮುಗಿಯುವಷ್ಟರಲ್ಲಿ ನಿಯಮಗಳ ಜೊತೆಗೆ ಶಿಷ್ಟಾಚಾರದ ವಿಭಾಗವೊಂದು ಸೇರಿಕೊಂಡಿತು: ಕಿತ್ತ ಹೆಂಟೆಯನ್ನು ಮರಳಿ ಅದರ ಜಾಗದಲ್ಲಿಡಿ. 2019ರ ಪರಿಷ್ಕರಣೆಯಲ್ಲಿ ಆ ಪ್ರತ್ಯೇಕ ವಿಭಾಗವನ್ನು ತೆಗೆದು, ಮೈದಾನದ ಕಾಳಜಿಯನ್ನು ಮೊದಲನೆಯ ನಿಯಮದೊಳಗೇ ಸೇರಿಸಿದ್ದಾರೆ.

ಆಟ ಬಿಸಿಲುನಾಡುಗಳಿಗೆ ಬಂದಾಗ ತೊಂದರೆ ಶುರುವಾಯಿತು. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್ಬುಗಳು ಹುಟ್ಟಿದವು. ಸ್ಕಾಟ್ಲೆಂಡಿನ ತಂಪುಹುಲ್ಲು ಇಲ್ಲಿನ ಬೇಸಿಗೆ ತಾಳದು. ಗುಳಿಯ ಸುತ್ತಲಿನ ನುಣುಪು ಜಾಗವನ್ನು 'ಗ್ರೀನ್' ಎನ್ನುತ್ತಾರಷ್ಟೆ. ಭಾರತದ ಹಲವು ಕಡೆ ಅಲ್ಲಿ ಎಣ್ಣೆ ಬೆರೆಸಿದ ಮರಳನ್ನು ಹಾಸಿ 'ಬ್ರೌನ್' ಎಂದು ಕರೆದರು. ಅಮೆರಿಕದ ದಕ್ಷಿಣದಲ್ಲೂ ಇದೇ ಪಾಡು. ಪೈನ್‌ಹರ್ಸ್ಟ್‌ನ ಪ್ರಸಿದ್ಧ ಮೈದಾನದಲ್ಲಿ 1935ರವರೆಗೂ ಗುಳಿಯ ಸುತ್ತ ಇದ್ದದ್ದು ಮರಳೇ.

ಈ ಬಿಸಿಲನ್ನು ತಾಳುವ ಹುಲ್ಲು ಕರಿಕೆ. ಆದರೆ ರೈತನಿಗೆ ಅದು ಕಳೆ. ನಮ್ಮ ಧಾರವಾಡ ಸೀಮೆಯ ಎರೆಹೊಲದಲ್ಲಿ ಕರಿಕೆ ಹೊಕ್ಕರೆ ಆಳಕ್ಕೆ ಅಗೆದು ಬೇರು ಆರಿಸಬೇಕು. ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ. ನೆಲದ ಮೇಲೆ ಹರಿಯುವ ಬಳ್ಳಿಕಾಂಡ, ನೆಲದೊಳಗೆ ಹರಿಯುವ ಗುಪ್ತಕಾಂಡ ಎರಡೂ ಅದಕ್ಕಿವೆ. ಜಾರ್ಜಿಯಾ ರಾಜ್ಯದ ಹತ್ತಿ ಬೆಳೆಗಾರರಿಗೂ ಇದೇ ಭಯವಿತ್ತು. ಅಲ್ಲಿನ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರಕ್ಕೆ 1936ರಲ್ಲಿ ಗ್ಲೆನ್ ಬರ್ಟನ್ (1910–2005) ಎಂಬ ತರುಣ ತಳಿವಿಜ್ಞಾನಿ ಬಂದರು. ಹತ್ತಿ ಹೊಲವೊಂದರಲ್ಲಿ ಸಿಕ್ಕಿದ್ದ ಪುಷ್ಟವಾದ ಕರಿಕೆಯನ್ನು ದಕ್ಷಿಣ ಆಫ್ರಿಕದಿಂದ ಬಂದ ಕರಿಕೆಯೊಡನೆ ಸಂಕರ ಮಾಡಿ, ಸಾವಿರಾರು ಸಸಿಗಳಲ್ಲಿ ಒಂದನ್ನು ಆರಿಸಿದರು. 1943ರಲ್ಲಿ ಬಿಡುಗಡೆಯಾದ ಆ 'ಕೋಸ್ಟಲ್' ತಳಿ ದನಗಳ ಮೇವಾಯಿತು. ಅನಂತರ ಆಟದ ಹುಲ್ಲಿನ ಸರದಿ: 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ.

ಮಾಲಿಯ ಎರಡನೆಯ ಮಾತಿಗೆ ಉತ್ತರ ಇಲ್ಲಿದೆ. ಸಾಮಾನ್ಯ ಕರಿಕೆಯಲ್ಲಿ 36 ವರ್ಣತಂತುಗಳು, ಅದರ ಆಫ್ರಿಕದ ಸೋದರ ಪ್ರಭೇದದಲ್ಲಿ 18. ಎರಡರಿಂದಲೂ ಅರ್ಧರ್ಧ ಬಂದು ಟಿಫ್‌ವೇಯಲ್ಲಿ 27 ಆಗುತ್ತವೆ. ಬೆಸಸಂಖ್ಯೆಯ ಈ ಮೂರು ಗುಂಪುಗಳು ಸರಿಯಾಗಿ ಜೋಡಿಯಾಗಲಾರವು; ಹುಲ್ಲು ಬಂಜೆ. ನಾವು ತಿನ್ನುವ ಬಾಳೆಹಣ್ಣುಗಳಲ್ಲಿ ಬೀಜವಿಲ್ಲದಿರಲು ಮುಖ್ಯ ಕಾರಣವೂ ಇಂಥದೇ ತ್ರಿಗುಣತೆ. ಇಂಥ ಹುಲ್ಲನ್ನು ತುಂಡು ನೆಟ್ಟೇ ಬೆಳೆಸಬೇಕು. ಆದ್ದರಿಂದ ಗುಂಡಿಗೆ ಬೀಜ ಹಾಕುವ ಪ್ರಶ್ನೆಯಿಲ್ಲ. ಮರಳು ತುಂಬಿದರೆ ನೆಲ ಸಮವಾಗುತ್ತದೆ, ಸುತ್ತಲಿನ ಬಳ್ಳಿಕಾಂಡಗಳು ಅದರ ಮೇಲೆ ಹರಿದು ಬೇರೂರುತ್ತವೆ. ಬೀಜದಿಂದ ಬೆಳೆಯುವ ತಂಪುನಾಡಿನ ಹುಲ್ಲಾದರೆ ಮರಳಿನೊಡನೆ ಬೀಜವನ್ನೂ ಬೆರೆಸುತ್ತಾರೆ.

ಮೊದಲ ಮಾತು, ಅಂದರೆ ಸಾಲಿನ ವಿಷಯ, ಶುದ್ಧ ರೇಖಾಗಣಿತ. ಗುಂಡಿ ಮುಚ್ಚುವುದು ಅಂಚಿನಿಂದ; ಹಿಡಿಯುವ ಕಾಲ ವಿಸ್ತೀರ್ಣಕ್ಕಿಂತ ಅಗಲವನ್ನು ಅವಲಂಬಿಸಿದೆ. ಅಗಲ 8 ಸೆಂ.ಮೀ. ಇದ್ದರೆ ಸಾಲು ಎಷ್ಟೇ ಉದ್ದವಿರಲಿ, ಎರಡೂ ಬದಿಯ ಹುಲ್ಲು 4 ಸೆಂ.ಮೀ. ಹರಿದರೆ ಸಾಕು. ಜೊತೆಗೆ, ಹಿಂದಿನ ಗುಂಡಿಗೆ ತಾಗಿಯೇ ಹೊಡೆದಾಗ ಪ್ರತಿ ಸಲ ಏಳುವ ಹೊಸ ಹುಲ್ಲು ಸ್ವಲ್ಪವೇ. ಚದುರಿಸಿ ಹೊಡೆದರೆ ಪ್ರತಿ ಹೊಡೆತಕ್ಕೂ ಒಂದು ಇಡೀ ಹೆಂಟೆ. ಇನ್ನು ಒಂದೇ ಕಡೆ ಗುಡ್ಡೆಯಾಗಿ ಹೊಡೆದರಂತೂ ಅಗಲವೇ ಬೆಳೆದು ನೆಲ ಬೋಳಾಗುತ್ತದೆ. ಸಾಲು ಸಾಲುಗಳ ನಡುವೆ ಜೀವಂತ ಹುಲ್ಲಿನ ಪಟ್ಟಿ ಬಿಡುವುದು ಇದಕ್ಕೇ.

ಬರ್ಟನ್ ಅವರ ಹೆಸರನ್ನು ನಾನು ಗಾಲ್ಫಿಗಾಗಿ ಹುಡುಕಿದೆ. ಸಿಕ್ಕಿದ್ದು ನಮ್ಮ ರೊಟ್ಟಿಯ ಇತಿಹಾಸ. ಮೇವಿನ ಬೆಳೆಯೆಂದು ಅವರು ಸಜ್ಜೆಯ ಮೇಲೂ ಕೆಲಸ ಮಾಡಿದ್ದರು. ಸಜ್ಜೆಯ ಹೂಗಳು ಅತಿ ಸಣ್ಣವು. ಒಂದೊಂದರ ಕೇಸರ ಕಿತ್ತು ಹೊಲದ ಪ್ರಮಾಣದಲ್ಲಿ ಸಂಕರ ಬೀಜ ಮಾಡಲಾಗದು. ಪರಾಗವೇ ಹುಟ್ಟದ ಹೆಣ್ಣುಸಾಲೊಂದು ಬೇಕು. ಟಿಫ್ಟನ್ನಿನಿಂದ ಬಂದ 'ಟಿಫ್ಟ್ 23ಎ' ಅಂಥ ಸಾಲು. ಅದನ್ನು ಬಳಸಿ ಲೂಧಿಯಾನದಲ್ಲಿ ಡಿ. ಎಸ್. ಅಠ್ವಾಲ್ ಅವರು ರೂಪಿಸಿದ ಎಚ್‌ಬಿ-1 ಭಾರತದ ಮೊದಲ ಸಂಕರ ಸಜ್ಜೆಯಾಗಿ 1965ರಲ್ಲಿ ಬಿಡುಗಡೆಯಾಯಿತು. ಇಳುವರಿ ಸ್ಥಳೀಯ ತಳಿಗಳಿಗಿಂತ ಬಹಳ ಹೆಚ್ಚಿತ್ತು. ಎಚ್‌ಬಿ-5ರವರೆಗಿನ ಅದರ ತಮ್ಮಂದಿರಿಗೂ ತಾಯಿ ಅದೇ ಒಂದು ಸಾಲು. 1970ರ ದಶಕದ ಆರಂಭದಲ್ಲಿ ಕೇದಗೆ ರೋಗ ಬಂದೆರಗಿ, ತೆನೆಯ ಜಾಗದಲ್ಲಿ ಹಸಿರೆಲೆಗಳ ಗೊಂಚಲು ಮೂಡತೊಡಗಿದಾಗ, ತಾಯಿ ಒಂದೇ ಆದ ತಳಿಗಳೆಲ್ಲ ಒಟ್ಟಿಗೆ ಸೋತವು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಟಿಫ್ಟ್ 23 ಸಾಲಿಗೆ ಗ್ಯಾಮಾ ಕಿರಣ ಹಾಯಿಸಿ, ಆದ ಉತ್ಪರಿವರ್ತನೆಗಳಲ್ಲಿ ರೋಗ ತಾಳುವುದನ್ನು ಆರಿಸಬೇಕಾಯಿತು.

ಟಿಫ್‌ವೇ ಹಾಸಿದ ಮೈದಾನವೂ ಲೆಕ್ಕಕ್ಕೆ ಒಂದೇ ಗಿಡ. ಬಂಜೆಯಾದ್ದರಿಂದ ಸಂಕರದ ದಾರಿಯೂ ಇಲ್ಲ. ಅಲ್ಲಿಯೂ ಬರ್ಟನ್ ಗ್ಯಾಮಾ ಕಿರಣಗಳನ್ನೇ ಹಿಡಿದರು. ಹಾಗೆ ಪಡೆದ ಟಿಫ್‌ವೇ-2 ತಳಿ 1981ರಲ್ಲಿ ಬಂತು.

ಶಿಕ್ಷಕರಿಗೆ ಒಂದು ಸೂಚನೆ. ಮಳೆಗಾಲದಲ್ಲಿ ಶಾಲೆಯ ಅಂಗಳದ ಕರಿಕೆಯಲ್ಲಿ 12 ಸೆಂ.ಮೀ. ಬದಿಯ ಒಂದು ಚೌಕವನ್ನೂ, 6 ಸೆಂ.ಮೀ. ಅಗಲ 24 ಸೆಂ.ಮೀ. ಉದ್ದದ ಒಂದು ಪಟ್ಟಿಯನ್ನೂ ಕತ್ತರಿಸಿ. ವಿಸ್ತೀರ್ಣ ಎರಡಕ್ಕೂ ಒಂದೇ. ಗೇಣುದ್ದ ಆಳದವರೆಗೆ ಗುಪ್ತಕಾಂಡಗಳನ್ನು ಆರಿಸಿ ತೆಗೆದು ಮರಳು ತುಂಬಿ, ಇಲ್ಲವಾದರೆ ಕೆಳಗಿನಿಂದಲೂ ಚಿಗುರಿ ಲೆಕ್ಕ ಕೆಡುತ್ತದೆ. ವಾರಕ್ಕೊಮ್ಮೆ ಅಳತೆಪಟ್ಟಿ ಹಿಡಿದು, ಉಳಿದ ಬೋಳು ಜಾಗದ ಅಗಲವನ್ನು ಮಕ್ಕಳಿಂದ ಬರೆಸಿ. ಚೌಕ ಮುಚ್ಚಲು ಪಟ್ಟಿಯ ಎರಡರಷ್ಟು ಕಾಲ ಹಿಡಿಯಬೇಕು. ಹಿಡಿಯದಿದ್ದರೆ ಏಕೆ ಎಂದು ಅವರನ್ನೇ ಕೇಳಿ.